ಕೊಂಬಿನಹಳ್ಳಿ ಎಂಬ ವಿಳಾಸ

ಹೊಂಗೆಪುರ
ಜುಲೈ 12, 2024

ಪ್ರೀತಿಯ ಸುಮೇಧಾ,

ಗಂಟಲು ದ್ರವದ ಮಾದರಿಗಳ ಪೆಟ್ಟಿಗೆಯೊಳಗೆ ಕಾಗದ ಇಟ್ಟು ಕಳಿಸುವ ಡಾಕ್ಟರು ನಾನೊಬ್ಬಳೇ ಇರಬೇಕು. ಐಸಿಗೆ ತಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದ್ದೇನೆ, ಹೆದರಬೇಡ. ಇಲ್ಲಿ ಫೋನು ಹಿಡಿಯಬೇಕಾದರೆ ನೀರಿನ ಟ್ಯಾಂಕು ಹತ್ತಬೇಕು. ಹತ್ತಿದ ಮೇಲೆ ಹೇಳಬೇಕೆಂದುಕೊಂಡದ್ದೇ ಮರೆತುಹೋಗುತ್ತದೆ. ಶುಕ್ರವಾರದ ಬಸ್ಸಿಗೆ ಪೆಟ್ಟಿಗೆ ಹೇಗೂ ಚೆನ್ನೈಗೆ ಬರುತ್ತದೆ. ಕೀಲ್ಪಾಕಿನಲ್ಲಿರುವ ನಿಮ್ಮ ಯೋಜನೆಯ ಲ್ಯಾಬಿನವರು ಇದನ್ನು ನಿನ್ನ ಆಫೀಸಿಗೆ ಮುಟ್ಟಿಸಿದರೆ ಸಾಕು. ಕಾಲೇಜಿನಲ್ಲಿ ಸುತ್ತಮುತ್ತ ಯಾರಿಗೂ ಓದಲು ಬಾರದೆಂಬ ಧೈರ್ಯದ ಮೇಲೆ ನಾವಿಬ್ಬರೂ ಕನ್ನಡದಲ್ಲಿ ಚೀಟಿ ಬರೆದುಕೊಳ್ಳುತ್ತಿದ್ದೆವಲ್ಲ, ಅದರ ಮುಂದುವರಿಕೆ ಅಂದುಕೋ.

ಹೊಂಗೆಪುರ ತಮಿಳುನಾಡಿನ ಕಡೆಯ ಊರು. ಬಸ್ಸಿನ ಬೋರ್ಡು ತಮಿಳು, ಜನರ ಮಾತು ಕನ್ನಡ. ನಮ್ಮ ಟ್ರಸ್ಟಿನ ಕ್ಲಿನಿಕ್ಕಿನ ಹಿಂದೆ ಒಂದು ಹಳ್ಳ. ಹಳ್ಳ ದಾಟಿದರೆ ಕೊಂಬಿನಹಳ್ಳಿ, ಅದು ಕರ್ನಾಟಕ. ಆ ಊರಿನವರು ತಮ್ಮ ಕಡೆಯ ಆಸ್ಪತ್ರೆಗೆ ಹೋಗಲು ಎರಡು ಬಸ್ ಹಿಡಿಯಬೇಕು. ನನ್ನ ಹತ್ತಿರ ಬರಲು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡರೆ ಆಯಿತು. ಹಾಗಾಗಿ ನನ್ನ ರೋಗಿಗಳಲ್ಲಿ ಹೆಚ್ಚಿನವರು ಆ ಕಡೆಯವರೇ.

ನನ್ನ ನರ್ಸೂ ಆ ಕಡೆಯವಳೇ. ಚಿಕ್ಕತಾಯಮ್ಮ ಅಂತ. ಹುಟ್ಟಿದ್ದು ಈ ಊರಿನಲ್ಲಿ, ಕೊಟ್ಟಿರುವುದು ಕೊಂಬಿನಹಳ್ಳಿಗೆ. ಗಂಡ ಮೋಹನ್ ಲಗೇಜ್ ಆಟೋ ಓಡಿಸುತ್ತಾನೆ. ಮದುವೆಯಾಗಿ ಎಂಟು ವರ್ಷದ ಮೇಲೆ ಈಗ ಬಸುರಿ. ಗಂಟಲಿನ ಮಾದರಿ ತೆಗೆಯುವುದರಲ್ಲಿ ಅವಳ ಕೈ ಹಗುರ, ಬಾಯಿ ಮಾತ್ರ ಜೋರು. "ಬಾಯ್ ತಗೀರಿ ಯಜಮಾನ್ರೆ, ನಾನೇನ್ ನಿಮ್ ಹಲ್ ಕೀಳಕ್ ಬಂದಿಲ್ಲ" ಎಂದು ಗದರಿಸುತ್ತಲೇ ಕೆಲಸ ಮುಗಿಸುತ್ತಾಳೆ.

ಈ ಸಲ ಜ್ವರ ಬೇಗ ಶುರುವಾಗಿದೆ. ಫ್ಲೂ ಮಾತ್ರೆ ಈಗಲೇ ಕಡಿಮೆ ಬೀಳುತ್ತಿದೆ. ನಮ್ಮ ಅಂಕಿಗಳನ್ನು ನೋಡಿ ಬೇಗ ಕಳಿಸುವ ಏರ್ಪಾಡು ಮಾಡು.

ನಿನ್ನ
ಜಲಜಾ


ಶೋಳಿಂಗನಲ್ಲೂರ್, ಚೆನ್ನೈ
ಜುಲೈ 26, 2024

ಪ್ರೀತಿಯ ಜಲಜಾ,

ನಿನ್ನ ಕಾಗದ ಸ್ಪಿರಿಟ್ ವಾಸನೆ ಹೊತ್ತುಕೊಂಡು ಬಂತು. ಕ್ಯಾಬಿನಲ್ಲಿ ಓದುತ್ತಾ ಒಬ್ಬಳೇ ನಕ್ಕೆ. ಡ್ರೈವರು ಕನ್ನಡಿಯಲ್ಲಿ ನೋಡಿದ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ನಿಮ್ಮಂಥ ಕ್ಲಿನಿಕ್ಕುಗಳಿಂದ ವಾರವಾರ ಬರುವ ಜ್ವರದ ಲೆಕ್ಕವನ್ನು ನಕ್ಷೆಯ ಮೇಲೆ ಕೂರಿಸುವುದು, ಎಲ್ಲಿ ಕೆಂಪಾಗುತ್ತಿದೆಯೋ ಅಲ್ಲಿಗೆ ಮಾತ್ರೆ ಹೋಗುವ ಹಾಗೆ ನೋಡಿಕೊಳ್ಳುವುದು. ಐದನೆಯ ಮಹಡಿ, ಎಸಿ, ಕಾಫಿ ಮಿಷನ್ನು. ರೋಗಿಯ ಕೆಮ್ಮು ಕೇಳಿ ಎಷ್ಟು ಕಾಲವಾಯಿತೋ.

ಒಂದು ವಿಷಯ ನಿನಗೆ ಇಷ್ಟವಾಗುವುದಿಲ್ಲ. ಮುಂದಿನ ತಿಂಗಳಿಂದ ರೋಗಿಯ ವಿಳಾಸ ತಮಿಳುನಾಡಿನದಾಗಿದ್ದರೆ ಮಾತ್ರ ನಮ್ಮ ಲೆಕ್ಕಕ್ಕೆ ಬರುತ್ತದೆ. ಆ ಕಡೆಯವರನ್ನು ಆ ರಾಜ್ಯದವರೂ ಎಣಿಸುತ್ತಾರೆ, ಒಬ್ಬನೇ ಮನುಷ್ಯ ಎರಡು ಕಡೆ ಬೀಳುತ್ತಾನೆ ಎಂಬುದು ವಾದ. ನಮ್ಮ ಮುಖ್ಯಸ್ಥ ತಿರುಮಲೇಶ ಸರ್ ಮೀಟಿಂಗಿನಲ್ಲಿ, "ಬಾರ್ಡರ್ ಏರಿಯಾ ಅಂದ್ರೇನೇ ಒಂದು ಕುಳಪ್ಪಂ ಮ್ಮಾ. ಯಾರು ಯಾವ ಸ್ಟೇಟ್ ಅಂತಲೇ ಗೊತ್ತಾಗಲ್ಲ. ಕ್ಲೀನ್ ಮಾಡಿಬಿಡಣಂ" ಎಂದರು. ಇದು ಮೇಲಿನವರ ತೀರ್ಮಾನ, ನನ್ನ ಕೈಯಲ್ಲಿಲ್ಲ. ಆ ಕಡೆಯವರಿಗೆ ಚಿಕಿತ್ಸೆ ಕೊಡಬೇಡ ಎಂದು ಯಾರೂ ಹೇಳುತ್ತಿಲ್ಲ. ಲೆಕ್ಕಕ್ಕೆ ಹಾಕಬೇಡ ಅಷ್ಟೇ.

ಅಮ್ಮ ಕೇಳಿದಳು. "ಬೆಟ್ಟದ ಗಾಳಿ, ಉಡಂಬು ಜೋಪಾನ ಅಂತ ಬರಿ ಅವಳಿಗೆ" ಎಂದಳು. ಬರೆದಿದ್ದೇನೆ.

ನಿನ್ನ
ಸುಮೇಧಾ


ಹೊಂಗೆಪುರ
ಆಗಸ್ಟ್ 9, 2024

ಪ್ರೀತಿಯ ಸುಮೇಧಾ,

ಮಾತ್ರೆಯನ್ನು ಲೆಕ್ಕ ನೋಡಿ ಕಳಿಸುತ್ತೀರಿ. ಲೆಕ್ಕದಿಂದ ತೆಗೆದವರಿಗೆ ನಾನು ಯಾವ ಮಾತ್ರೆ ಕೊಡಲಿ? ಬಾಯಿಮಾತಿನಲ್ಲಿ ಬೇಡ ಅನ್ನಲಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವಳು ನೀನಾಗಿರಲಿಲ್ಲ.

ನಿನ್ನೆ ಕೊಂಬಿನಹಳ್ಳಿಯ ಮುದುಕನೊಬ್ಬ ಮೈ ಸುಡುತ್ತಾ ಬಂದ. ನಿಮ್ಮ ನಿಯಮ ನೆನಪಾಗಿ, ಯಾವ ರಾಜ್ಯ ಅಂತ ಕೇಳಿದೆ. ಅವನು ನನ್ನನ್ನೇ ಪೆದ್ದಿಯ ಹಾಗೆ ನೋಡಿದ. "ಮನ ಆಕಡ, ಹೊಲ ಈಕಡ. ಜ್ವರ ಯಾವ್ ಕಡ ಹತ್ಕತೋ ನಂಗೇನ್ ಗೊತ್ತವ್ವಾ?" ಚಿಕ್ಕತಾಯಮ್ಮ ಬೆನ್ನು ತಿರುಗಿಸಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನನ್ನೂ ಲೆಕ್ಕಕ್ಕೆ ತಕ್ಕಳಲ್ವಾ ಡಾಕ್ಟ್ರವ್ವಾ ಅವ್ರು?" ಎಂದು ಕೇಳಿದಳು.

ಆ ರಾಜ್ಯದವರು ಎಣಿಸುತ್ತಾರೆ ಎಂದು ಬರೆದಿದ್ದೀಯ. ಕೊಂಬಿನಹಳ್ಳಿಯ ಜನ ಅಲ್ಲಿಯ ಆಸ್ಪತ್ರೆಗೆ ಹೋಗುವುದೇ ಇಲ್ಲ. ಎಣಿಸುವವರು ಯಾರು, ಎಲ್ಲಿ ನಿಂತು ಎಣಿಸುತ್ತಾರೆ?

ಸರಿ, ನಿಯಮ ಅಂದಮೇಲೆ ನಿಯಮ. ಇನ್ನು ಮೇಲೆ ನಿನಗೆ ತೊಂದರೆಯಾಗದ ಹಾಗೆ ಪಟ್ಟಿ ಕಳಿಸುತ್ತೇನೆ.

ಜಲಜಾ


ಶೋಳಿಂಗನಲ್ಲೂರ್
ಆಗಸ್ಟ್ 30, 2024

ಪ್ರೀತಿಯ ಜಲಜಾ,

ಸಿಟ್ಟು ಇಳಿಯಿತೇ? ನೀನು ಕಳಿಸಿದ ಮೂರೂ ಪಟ್ಟಿಗಳು ಮುತ್ತಿನಂತಿವೆ. ಒಂದೇ ಒಂದು ಸಾಲಿಗೂ ಕೈ ಹಾಕಬೇಕಾಗಲಿಲ್ಲ. ಹೊಂಗೆಪುರದಲ್ಲಿಯೇ ಇಷ್ಟು ಜ್ವರ ಇದೆಯೆಂದು ನನಗೆ ತಿಳಿದೇ ಇರಲಿಲ್ಲ. ಆ ಕಡೆಯವರ ಗದ್ದಲದಲ್ಲಿ ನಿನ್ನೂರಿನ ಜನ ಮುಚ್ಚಿಹೋಗಿದ್ದರು ಅನ್ನಿಸುತ್ತದೆ. ನೋಡು, ನಿಯಮದಿಂದ ಒಳ್ಳೆಯದೇ ಆಯಿತು.

ನಕ್ಷೆಯಲ್ಲಿ ನೀನೀಗ ಕಡುಗೆಂಪು. ಮಾತ್ರೆಯ ಎರಡು ಪೆಟ್ಟಿಗೆ ಸೋಮವಾರ ಹೊರಡುತ್ತವೆ. ತಿರುಮಲೇಶ ಸರ್ ಖುಷಿಯಾಗಿದ್ದಾರೆ. ಗಡಿಯ ಕ್ಲಿನಿಕ್ಕುಗಳ ಲೆಕ್ಕ ಶುದ್ಧ ಮಾಡಿದ ಬಗೆಯನ್ನು ಅಕ್ಟೋಬರಿನ ದೊಡ್ಡ ಮೀಟಿಂಗಿನಲ್ಲಿ ನಾನೇ ಹೇಳಬೇಕಂತೆ. ಅದು ಚೆನ್ನಾಗಿ ಆದರೆ ಡೆಪ್ಯುಟಿ ಹುದ್ದೆ ಸಿಗಬಹುದು. ನಿನ್ನ ಕ್ಲಿನಿಕ್ಕನ್ನೇ ಉದಾಹರಣೆಯಾಗಿ ತೋರಿಸುತ್ತೇನೆ.

ನಿನ್ನ
ಸುಮೇಧಾ


ಹೊಂಗೆಪುರ
ಸೆಪ್ಟೆಂಬರ್ 13, 2024

ಸುಮೇಧಾ,

ಮಾತ್ರೆ ಬಂತು. ಉಪಕಾರವಾಯಿತು. ಇಲ್ಲಿ ದಿನಾ ಬೆಳಿಗ್ಗೆ ವರಾಂಡದಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಚಿಕ್ಕತಾಯಮ್ಮನಿಗೆ ರಜೆ ತೆಗೆದುಕೋ ಎಂದರೆ, "ಮನೇಲ್ ಕುಂತು ಅತ್ತೆ ಮಕ ನೋಡದ್ಕಿಂತ ಇಲ್ಲೇ ವಾಸಿ ಕನಿ" ಎನ್ನುತ್ತಾಳೆ. ಮುಖಕ್ಕೆ ಎರಡು ಮಾಸ್ಕ್ ಕಟ್ಟಿಸುತ್ತೇನೆ. ಉಸಿರು ಕಟ್ಟುತ್ತದೆಂದು ಒಂದನ್ನು ಗಲ್ಲಕ್ಕೆ ಇಳಿಸಿಕೊಂಡಿರುತ್ತಾಳೆ.

ನಮ್ಮನ್ನು ಉದಾಹರಣೆ ಮಾಡಬೇಡ. ನಮ್ಮದು ಸಣ್ಣ ಜಾಗ. ಬೇರೆ ಯಾವುದಾದರೂ ಕ್ಲಿನಿಕ್ಕನ್ನು ತೋರಿಸು. ಕಾರಣ ಕೇಳಬೇಡ, ನನಗೆ ಮುಜುಗರವಾಗುತ್ತದೆ ಅಂದುಕೋ.

ಜಲಜಾ


ಶೋಳಿಂಗನಲ್ಲೂರ್
ಅಕ್ಟೋಬರ್ 4, 2024

ಪ್ರೀತಿಯ ಜಲಜಾ,

ನಿನ್ನ ಸಂಕೋಚ ನನಗೆ ಹೊಸದಲ್ಲ. ಬಹುಮಾನ ತೆಗೆದುಕೊಳ್ಳಲೂ ವೇದಿಕೆ ಹತ್ತದವಳು ನೀನು. ಹಾಗಾಗಿ ನಿನ್ನ ಮಾತು ಕೇಳದೆ ಹೊಂಗೆಪುರವನ್ನೇ ತೋರಿಸಿದೆ. ಈಗ ಕೇಳಬೇಕಿತ್ತು ಅನ್ನಿಸುತ್ತಿದೆ.

ಪರದೆಯ ಮೇಲೆ ನಿಮ್ಮೂರಿನ ಮನೆಗಳ ಚುಕ್ಕೆಗಳನ್ನು ಹಾಕಿದೆ. ನಮ್ಮ ಸಲಹೆಗಾರ ಪ್ರಮೋದ್ ಸುಮ್ಮನೆ ನೋಡುತ್ತಿದ್ದವನು, "ಈ ಮೇಲಿನ ಬೀದಿಯಲ್ಲಿ ಎಷ್ಟು ಮನೆ ಇವೆ?" ಎಂದು ಕೇಳಿದ. ಜನಗಣತಿಯ ಪ್ರಕಾರ ಹನ್ನೊಂದು. ಜ್ವರ ಬಂದವರು ನೂರ ಮೂವತ್ತು ಜನ. ಒಂದೇ ಮನೆಯಲ್ಲಿ ಲಿಂಗಾಯಿತರು, ಸೋಲಿಗರು, ಸಾಬರು ಎಲ್ಲರೂ ವಾಸವಾಗಿದ್ದಾರೆ. ಅಷ್ಟು ಜನರ ಮುಂದೆಯೇ ಅದು ಬಯಲಾಯಿತು. ಪ್ರಮೋದ್ ಅದಕ್ಕೆ ವಂಚನೆ ಎಂಬ ಪದವನ್ನೇ ಬಳಸಿದ.

ನಿನ್ನ ಹೆಸರು ಬರದ ಹಾಗೆ ನೋಡಿಕೊಂಡಿದ್ದೇನೆ, ಚಿಂತೆ ಬೇಡ. ಪಟ್ಟಿ ತುಂಬುವವಳು ನರ್ಸು, ಹೆಚ್ಚು ಓದಿದವಳಲ್ಲ, ಬಸುರಿ ಬೇರೆ, ಸುಸ್ತಿಗೆ ಒಂದೇ ವಿಳಾಸವನ್ನು ಎಲ್ಲರಿಗೂ ಬರೆದಿರಬೇಕು ಎಂದು ಹೇಳಿದೆ. ಟ್ರಸ್ಟಿಗೂ ಹಾಗೇ ಬರೆದು ಹಾಕಿದ್ದೇನೆ. ತನಿಖೆ ಮುಗಿಯುವವರೆಗೆ ಹೊಂಗೆಪುರಕ್ಕೆ ಮಾತ್ರೆ ನಿಲ್ಲುತ್ತದೆ. ಕೆಲವು ವಾರದ ಮಾತು. ಮಾದರಿಗಳನ್ನು ಮಾಮೂಲಿನಂತೆ ಕಳಿಸುತ್ತಿರು.

ನಿನ್ನ
ಸುಮೇಧಾ


ಹೊಂಗೆಪುರ
ಅಕ್ಟೋಬರ್ 11, 2024

ಸುಮೇಧಾ,

ಆ ವಿಳಾಸಗಳನ್ನು ಬರೆದವಳು ನಾನು. ಒಂದೊಂದನ್ನೂ ನನ್ನ ಕೈಯಾರೆ ಬರೆದಿದ್ದೇನೆ. ಮೇಲಿನ ಬೀದಿಯ ಮನೆಯವರನ್ನು ಕೇಳಿಯೇ ಬರೆದೆ. "ಬರಕಳಿ ಡಾಕ್ಟ್ರವ್ವಾ, ಮನೆ ಏನ್ ಸವ್ದೋಯ್ತದಾ" ಎಂದರು. ಕೊಂಬಿನಹಳ್ಳಿಯವರಿಗೆ ಮಾತ್ರೆ ಬರಲು ನನಗೆ ತೋಚಿದ ದಾರಿ ಅದೊಂದೇ. ರೋಗಿಗಳೂ ನಿಜ, ಜ್ವರವೂ ನಿಜ, ಮಾದರಿಗಳೂ ನಿಜ. ನಿಮಗೆ ಬೇಕಾಗಿದ್ದ ಒಂದು ಸಾಲು ಮಾತ್ರ ಸುಳ್ಳು.

ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಬಾಯಿ ಮುಚ್ಚಿಕೊಂಡಿರಬೇಕಾಗುತ್ತಿತ್ತು, ಇಲ್ಲವೇ ನನ್ನನ್ನು ಹಿಡಿದುಕೊಡಬೇಕಾಗುತ್ತಿತ್ತು. ಎರಡನ್ನೂ ನಿನ್ನ ಮೇಲೆ ಹೊರಿಸಲು ಮನಸ್ಸು ಬರಲಿಲ್ಲ. ನೀನು ಅದನ್ನೇ ಪರದೆಯ ಮೇಲೆ ಹಾಕಿ ಮೆರೆಸುತ್ತೀಯ ಎಂದು ನನಗೇನು ಗೊತ್ತು?

ನಿನ್ನ ಕಾಗದ ನೋಡಿ ಟ್ರಸ್ಟಿನವರು ಚಿಕ್ಕತಾಯಮ್ಮನನ್ನು ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಬರೆದವಳು ನಾನೆಂದು ಅವರಿಗೆ ಹೇಳಿದೆ. ನರ್ಸನ್ನು ಕಾಪಾಡಲು ಹೇಳುತ್ತಿದ್ದೇನೆಂದು ನಂಬಲಿಲ್ಲ. ಅವಳು ಮಾತ್ರ ದಿನಾ ಬರುತ್ತಾಳೆ. "ಕಾಗ್ದದಲ್ಲಿ ತಗುದ್ರೆ ಕೈಯೇನ್ ಬಿದ್ದೋಯ್ತದಾ?" ಎಂದು ಹೇಳಿ ಮಾದರಿ ತೆಗೆಯುತ್ತಾಳೆ.

ಮಾತ್ರೆ ಪೂರ್ತಿ ಮುಗಿದಿದೆ. ಪೇಟೆಯ ಅಂಗಡಿಗಳಲ್ಲಿಯೂ ಇಲ್ಲ. ಚೆನ್ನೈಯಲ್ಲಿ ಸಿಗುತ್ತದೆ. ಯೋಜನೆಯ ಕಡೆಯಿಂದ ಬೇಡ, ನೀನೇ ಹೊರಗೆ ಕೊಂಡು ಹತ್ತು ಸ್ಟ್ರಿಪ್ಪು ಕಳಿಸು. ಬಸುರಿಯರಿಗೆ, ಮುದುಕರಿಗೆ ಅಂತ ಎತ್ತಿಡುತ್ತೇನೆ. ಮರುಬಸ್ಸಿಗೇ ಕಳಿಸು. ಇದೊಂದನ್ನು ಮಾಡು, ನನ್ನ ಮೇಲಿನ ಸಿಟ್ಟನ್ನು ಆಮೇಲೆ ತೀರಿಸಿಕೋ.

ಜಲಜಾ


ಹೊಂಗೆಪುರ
ಅಕ್ಟೋಬರ್ 25, 2024

ಸುಮೇಧಾ,

ಎರಡು ಬಸ್ಸಿಗೆ ಕಾದೆ. ನಿನ್ನಿಂದ ಕಾಗದವೂ ಇಲ್ಲ, ಮಾತ್ರೆಯೂ ಇಲ್ಲ.

ಚಿಕ್ಕತಾಯಮ್ಮ ಸತ್ತಳು.

ಶನಿವಾರ ಮೈಕೈ ನೋವು ಎಂದಳು. ಭಾನುವಾರ ಜ್ವರ ಏರಿತು. ಮೋಹನ್ ಆಟೋ ತೆಗೆದುಕೊಂಡು ಎರಡು ಪೇಟೆಯ ಔಷಧಿ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದ. ಎದೆಯಲ್ಲಿ ಕಫ ಕಟ್ಟಿತು. ನನ್ನ ಹತ್ತಿರ ಇದ್ದದ್ದು ಆ್ಯಂಟಿಬಯೋಟಿಕ್ ಸೂಜಿ. ಅದನ್ನೇ ಕೊಟ್ಟೆ, ಆಕ್ಸಿಜನ್ ಹಾಕಿದೆ. ಮಂಗಳವಾರ ಬೆಳಿಗ್ಗೆ ತುಟಿ ನೀಲಿಯಾಗುತ್ತಾ ಬಂತು. ಹತ್ತಿರದ ದೊಡ್ಡಾಸ್ಪತ್ರೆ ಆ ಕಡೆ. ಆಂಬುಲೆನ್ಸು ಚೆಕ್‌ಪೋಸ್ಟಿನವರೆಗೆ ಬಂದು ನಿಂತಿತು. ಡ್ರೈವರು, "ಮೇಡಂ, ಇದುಕ್ಕು ಮೇಲೆ ನನ್ನ ಗಾಡಿ ಹೋಗಕೂಡಾದು. ಆ ಕಡೆ ವಂಡಿ ಬರುತ್ತೆ, ಪೇಷಂಟನ್ನ ಅದಕ್ಕೆ ಮಾತಿ ಏರಿಸಿ" ಎಂದ. ಆ ಕಡೆಯ ಗಾಡಿ ಬರುವುದು ತಡವಾಯಿತು. ಮೋಹನ್ ತನ್ನ ಲಗೇಜ್ ಆಟೋದ ಹಿಂದೆ ಹಾಸಿಗೆ ಹಾಸಿದ. ಅವಳನ್ನು ಎತ್ತುತ್ತಿದ್ದಾಗ ನನ್ನ ಕೈ ಹಿಡಿದುಕೊಂಡು, "ಮಗ ಒದೀತಾ ಇಲ್ಲ ಡಾಕ್ಟ್ರವ್ವಾ" ಎಂದಳು. ಮತ್ತೆ ಮಾತಾಡಲಿಲ್ಲ. ಮಗುವೂ ಉಳಿಯಲಿಲ್ಲ.

ಜ್ವರ ಬಂದ ದಿನವೇ ಅವಳ ಗಂಟಲಿನ ಮಾದರಿ ತೆಗೆದಿದ್ದೆ. ಈ ಪೆಟ್ಟಿಗೆಯಲ್ಲಿದೆ. ವಿಳಾಸದ ಜಾಗದಲ್ಲಿ ಕೊಂಬಿನಹಳ್ಳಿ ಎಂದೇ ಬರೆದಿದ್ದೇನೆ. ಅವಳನ್ನು ಬೇರೆ ಯಾರ ಮನೆಗೂ ಸೇರಿಸುವುದಿಲ್ಲ.

ಜಲಜಾ


ಶೋಳಿಂಗನಲ್ಲೂರ್
ನವೆಂಬರ್ 8, 2024

ಪ್ರೀತಿಯ ಜಲಜಾ,

ಏನು ಬರೆಯಲಿ? ತುಂಬಾ ದುಃಖವಾಯಿತು. ಮಾತ್ರೆ ಕೇಳಿ ಬರೆದ ನಿನ್ನ ಕಾಗದ ನನಗೆ ತಡವಾಗಿ ಸಿಕ್ಕಿತು. ಲ್ಯಾಬಿನಲ್ಲಿ ಯಾವುದೋ ಫೈಲಿನ ಕೆಳಗೆ ಸಿಕ್ಕಿಕೊಂಡಿತ್ತು. ಆಮೇಲೆ ದೀಪಾವಳಿ ರಜೆ ಬಂತು.

ನಿನ್ನನ್ನು ನೀನು ಹಳಿದುಕೊಳ್ಳಬೇಡ. ಬಸುರಿಯರಲ್ಲಿ ಫ್ಲೂ ಹೇಗೆ ತಿರುಗುತ್ತದೆಂದು ಹೇಳಲಾಗದು. ಮಾತ್ರೆ ಇದ್ದಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ. ಮೋಹನ್ ಅವರಿಗೆ ನನ್ನ ಸಂತಾಪ ತಿಳಿಸು. ಮಾದರಿ ಲ್ಯಾಬಿನಲ್ಲಿದೆ, ಫಲಿತಾಂಶ ಬರುತ್ತದೆ.

ತನಿಖೆ ಇನ್ನೂ ನಡೆಯುತ್ತಿದೆ. ಈ ಹೊತ್ತಿನಲ್ಲಿ ವಿಳಾಸಗಳ ವಿಷಯವನ್ನು ನೀನು ಮತ್ತೆಲ್ಲೂ ಬರೆಯದಿದ್ದರೆ ಒಳ್ಳೆಯದು.

ನಿನ್ನ
ಸುಮೇಧಾ


ಹೊಂಗೆಪುರ
ಡಿಸೆಂಬರ್ 6, 2024

ಡಾ. ಸುಮೇಧಾ ಅವರಿಗೆ,

ನಮ್ಮ ನರ್ಸು ಚಿಕ್ಕತಾಯಮ್ಮನ ಮಾದರಿಯ ಫಲಿತಾಂಶವನ್ನು ಕೂಡಲೇ ಕಳಿಸಬೇಕು.

ನಾನು ಕೊಟ್ಟ ಸೂಜಿಯಿಂದಲೇ ಅವಳು ಸತ್ತಳೆಂದು ಎರಡೂ ಊರಿನಲ್ಲಿ ಮಾತಾಗಿದೆ. ಲೆಕ್ಕದಲ್ಲಿ ಮೋಸ ಮಾಡಿದವಳೆಂದು ಕೆಲಸದಿಂದ ತೆಗೆದರು, ವಿಷಯ ಹೊರಗೆ ಬರಬಾರದೆಂದು ಸೂಜಿ ಚುಚ್ಚಿ ಮುಗಿಸಿದರು ಎಂದೂ ಕೆಲವರು ಹೇಳುತ್ತಾರೆ. ವರಾಂಡ ಖಾಲಿ. ಜ್ವರ ಬಂದವರು ಕೊಂಬಿನಹಳ್ಳಿಯ ತಾಯಿತ ಕಟ್ಟುವವನ ಹತ್ತಿರ ಹೋಗುತ್ತಿದ್ದಾರೆ. ಹೋದ ವಾರ ಒಂದು ಮಗು ಹೋಯಿತು. ನನ್ನ ಹತ್ತಿರ ತಂದಿದ್ದರೆ ಉಳಿಯುತ್ತಿತ್ತು.

ಮೋಹನ್ ದಿನಾ ಆಟೋ ತಂದು ಕ್ಲಿನಿಕ್ಕಿನ ಎದುರಿಗೆ ನಿಲ್ಲಿಸುತ್ತಾನೆ. ಬೈಯುವುದಿಲ್ಲ, ಒಳಗೆ ಬರುವುದಿಲ್ಲ. ನಿನ್ನೆ ನಾನೇ ಹೋಗಿ ಮಾತಾಡಿಸಿದೆ. "ಏನ್ರವ್ವಾ ಆಯ್ತು ಅವ್ಳಿಗೆ? ಅದೊಂದ್ ಹೇಳ್ಬುಡಿ, ನಾ ಹೊಂಟೋಯ್ತೀನಿ" ಎಂದ. ಫ್ಲೂ ಎಂದೆ. "ಎಲ್ಲಿ ಬರ್ದದೆ, ತೋರ್ಸಿ" ಎಂದ.

ಅವನಿಗೆ ತೋರಿಸಲು ನನಗೊಂದು ಕಾಗದ ಬೇಕು. ಮಾದರಿ ಕಳಿಸಿ ತಿಂಗಳ ಮೇಲಾಯಿತು. ಎಲ್ಲಿದೆ ಅದು?

ಜಲಜಾ


ಚೆನ್ನೈ
ಜನವರಿ 10, 2025

ಜಲಜಾ,

ಇದನ್ನು ಆಫೀಸಿನಲ್ಲಿ ಬರೆಯುತ್ತಿಲ್ಲ. ತಿರುವೊಟ್ಟಿಯೂರಿನಲ್ಲಿ ಚಿಕ್ಕಮ್ಮನ ಮನೆಗೆ ಬಂದಿದ್ದೇನೆ. ಪಕ್ಕದಲ್ಲಿ ಕುಳಿತು ಯಾರೂ ಏನೆಂದು ಕೇಳದ ಜಾಗ ಬೇಕಾಗಿತ್ತು.

ನಿನ್ನ ಡಿಸೆಂಬರಿನ ಕಾಗದ ಬಂದಮೇಲೆ ಕೀಲ್ಪಾಕಿನ ಲ್ಯಾಬಿಗೆ ನಾನೇ ಹೋದೆ. ತನಿಖೆ ಶುರುವಾದಾಗಿನಿಂದ ಹೊಂಗೆಪುರದ ಮಾದರಿಗಳನ್ನು ಪರೀಕ್ಷೆ ಮಾಡುತ್ತಿರಲಿಲ್ಲ. ಅದು ನನಗೆ ಅಕ್ಟೋಬರಿನಲ್ಲಿಯೇ ಗೊತ್ತಿತ್ತು. ಮಾಮೂಲಿನಂತೆ ಕಳಿಸುತ್ತಿರು ಎಂದು ಬರೆದೆನಲ್ಲ, ಗೊತ್ತಿದ್ದೇ ಬರೆದೆ. ತಡೆಹಿಡಿದ ಮಾದರಿಗಳನ್ನು ಆಳವಾದ ಫ್ರೀಜರಿನಲ್ಲಿ ಇಟ್ಟಿರುತ್ತಾರೆಂದು ನಂಬಿದ್ದೆ. ಇಟ್ಟಿರಲಿಲ್ಲ. ಸಾಮಾನ್ಯ ಫ್ರಿಜ್ಜಿನ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿದ್ದರು. ನವೆಂಬರ್ ಕೊನೆಯ ಮಳೆಗೆ ಕರೆಂಟು ಹೋದಾಗ ಅದೂ ಕೈಕೊಟ್ಟಿತ್ತು.

ಲ್ಯಾಬಿನ ಸಮೀರ್ ನನಗೋಸ್ಕರ ಅವಳ ಮಾದರಿಯನ್ನು ಎರಡು ಸಲ ಯಂತ್ರಕ್ಕೆ ಹಾಕಿದ. ಏನೂ ಬರಲಿಲ್ಲ. ಇಲ್ಲ ಎಂದೂ ಬರಲಿಲ್ಲ, ಹೌದು ಎಂದೂ ಬರಲಿಲ್ಲ. "ಮ್ಯಾಡಂ, ಸ್ಯಾಂಪಲ್ ಕೆಟ್ಟುಪೋಚ್ಚು. ಇದರಲ್ಲಿ ಇನ್ನು ಯಾರೂ ಏನೂ ಹೇಳಕ್ಕಾಗಲ್ಲ" ಎಂದ.

ಉಳಿದದ್ದನ್ನೂ ಬರೆದುಬಿಡುತ್ತೇನೆ. ವಿಳಾಸದ ನಿಯಮ ಮೇಲಿನವರದಲ್ಲ, ನನ್ನದು. ಗಡಿಯ ಲೆಕ್ಕಕ್ಕೆ ಒಂದು ದಾರಿ ಹುಡುಕು ಎಂದು ತಿರುಮಲೇಶ ಸರ್ ಹೇಳಿದಾಗ ನಾನೇ ಸೂಚಿಸಿದೆ. ಮಾತ್ರೆ ಕೇಳಿ ಬರೆದ ನಿನ್ನ ಕಾಗದವೂ ತಡವಾಗಿ ಸಿಗಲಿಲ್ಲ. ಬಂದ ಸಂಜೆಯೇ ಓದಿದೆ. ಬಸ್‌ಸ್ಟಾಪಿನ ಹತ್ತಿರದ ಅಂಗಡಿಯಲ್ಲಿ ಹತ್ತು ಸ್ಟ್ರಿಪ್ಪು ಮಾತ್ರೆ ಕೊಂಡೆ ಕೂಡ. ಕಳಿಸಲಿಲ್ಲ. ತನಿಖೆಗೆ ಒಳಗಾದ ಕ್ಲಿನಿಕ್ಕಿಗೆ ನಾನು ಗುಟ್ಟಾಗಿ ಔಷಧಿ ಕಳಿಸಿದ್ದು ತಿಳಿದರೆ, ಆ ವಿಳಾಸಗಳಲ್ಲಿ ನನ್ನ ಕೈಯೂ ಇದೆ ಅಂದುಕೊಳ್ಳುತ್ತಾರೆಂದು ಹೆದರಿದೆ. ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ಡ್ರಾಯರಿನಲ್ಲಿಟ್ಟೆ. ಅಲ್ಲೇ ಇದ್ದವು, ನೀನು ಅವಳು ಸತ್ತಳೆಂದು ಬರೆದ ದಿನವೂ.

ಡಿಸೆಂಬರಿನಲ್ಲಿ ನನ್ನನ್ನು ಡೆಪ್ಯುಟಿ ಮಾಡಿದರು.

ಸುಮೇಧಾ


ಹೊಂಗೆಪುರ
ಜನವರಿ 20, 2025

ಸುಮೇಧಾ,

ನಿನ್ನ ತಪ್ಪೊಪ್ಪಿಗೆಯಿಂದ ನನಗೆ ಉಪಯೋಗವಿಲ್ಲ. ಮೋಹನನಿಗೆ ಫಲಿತಾಂಶ ಬೇಕು.

ಫ್ಲೂ ಇತ್ತು ಎಂದು ಬರೆದುಕೊಡು. ಲ್ಯಾಬಿನ ಕಾಗದ, ಮೊಹರು, ಒಂದು ಸಹಿ. ಅವಳಿಗೆ ಫ್ಲೂ ಆಗಿತ್ತೆಂದು ನನಗೆ ಗೊತ್ತು, ನಿನಗೂ ಗೊತ್ತು. ವರಾಂಡದಲ್ಲಿ ದಿನವಿಡೀ ಅದೇ ರೋಗಿಗಳ ಬಾಯೊಳಗೆ ಕೈ ಹಾಕುತ್ತಿದ್ದವಳು ಮತ್ತೇನಾಗಿ ಸತ್ತಾಳು? ಆ ಕಾಗದ ಬಂದರೆ ಜನ ಮತ್ತೆ ಇಲ್ಲಿಗೆ ಬರುತ್ತಾರೆ. ನಾಲ್ಕು ಮಕ್ಕಳು ಬದುಕುತ್ತವೆ.

ನಾನು ನೂರು ಸುಳ್ಳು ಬರೆದೆ. ನೀನು ಒಂದು ಬರೆ.

ಜಲಜಾ


ಚೆನ್ನೈ
ಫೆಬ್ರವರಿ 3, 2025

ಜಲಜಾ,

ಮೊಹರು ನನ್ನ ಕೈಯಲ್ಲೇ ಇತ್ತು. ಸಮೀರ್ ಸಹಿ ಹಾಕಲು ಒಪ್ಪಿದ್ದ. ಕಾಗದವನ್ನು ಟೈಪ್ ಮಾಡಿಯೂ ಆಗಿತ್ತು. ಆಮೇಲೆ ಹರಿದೆ.

ಪ್ರಾಮಾಣಿಕಳು ಎಂದು ಹೇಳಿಕೊಳ್ಳಲು ನನಗೆ ಮುಖವಿಲ್ಲ. ಆದರೆ ಆ ಒಂದು ಸುಳ್ಳು ಬರೆದರೆ ಮೊದಲು ಬಚಾವಾಗುವವಳು ನಾನೇ. ಫ್ಲೂ ಬಂತು, ಸತ್ತಳು, ಮುಗಿಯಿತು ಎಂದಾಗುತ್ತದೆ. ಮಾದರಿ ಕೊಳೆತದ್ದು, ಮಾತ್ರೆ ಡ್ರಾಯರಿನಲ್ಲಿ ಉಳಿದದ್ದು ಯಾರಿಗೂ ಕಾಣುವುದಿಲ್ಲ. ಇದು ನಿನಗೆ ನೆಪದಂತೆ ಕೇಳಿಸಬಹುದು. ನೆಪವೇ ಇರಬಹುದು, ನನಗೇ ತಿಳಿಯುತ್ತಿಲ್ಲ.

ಅದರ ಬದಲು ಮೋಹನ್ ಅವರ ಹೆಸರಿಗೇ ಕನ್ನಡದಲ್ಲಿ ಬರೆದು ಇದರ ಜೊತೆಗಿಟ್ಟಿದ್ದೇನೆ. ನಿಯಮ ಮಾಡಿದ್ದು ಯಾರು, ಅವರ ಹೆಂಡತಿಯ ಮೇಲೆ ಸುಳ್ಳು ಹೊರಿಸಿದ್ದು ಯಾರು, ಮಾದರಿ ಹೇಗೆ ಹಾಳಾಯಿತು, ಮಾತ್ರೆ ಯಾಕೆ ಬರಲಿಲ್ಲ, ಎಲ್ಲ ಇದೆ. ಕೆಳಗೆ ನನ್ನ ಹೆಸರು, ಹುದ್ದೆ, ಸಹಿ ಇವೆ. ಎರಡೂ ಊರಿನವರ ಮುಂದೆ ಓದು. ಇದರ ಇಂಗ್ಲಿಷ್ ಪ್ರತಿಯೊಂದನ್ನು ತಿರುಮಲೇಶ ಸರ್ ಮೇಜಿನ ಮೇಲಿಟ್ಟೆ. ಅವರು ಓದಿ ಕನ್ನಡಕ ತೆಗೆದು, "ಯೇನಮ್ಮಾ, ನಿನಗೆ ಇದು ತೇವೆಯಾ, ಬೇಕಿತ್ತಾ? ಯಾರು ಕೇಳಿದ್ರು?" ಎಂದರು. ನಾಳೆಯಿಂದ ಬರುವುದು ಬೇಡವೆಂದು ಮಧ್ಯಾಹ್ನ ಮೇಲ್ ಬಂತು.

ಸುಮೇಧಾ


ಹೊಂಗೆಪುರ
ಫೆಬ್ರವರಿ 17, 2025

ಸುಮೇಧಾ,

ನಿನ್ನ ಕಾಗದವನ್ನು ಊರ ಮುಂದೆ ಓದಲಿಲ್ಲ. ಮೊದಲು ಮೋಹನನಿಗೆ ಓದಬೇಕೆನ್ನಿಸಿತು. ಕರೆದೆ. ಅವಳು ಹೋದಮೇಲೆ ಮೊದಲ ಸಲ ಒಳಗೆ ಬಂದ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಗೋಡೆಗೆ ಒರಗಿ ನಿಂತ. ಏನೂ ಬಿಡದೆ ಓದಿದೆ. ಓದುತ್ತಾ ಓದುತ್ತಾ, ವಿಳಾಸ ಬರೆದವಳು ನಾನು ಎಂಬುದನ್ನೂ ಸೇರಿಸಿ ಹೇಳಿದೆ; ಅದನ್ನು ನೀನು ಬಿಟ್ಟಿದ್ದೆ.

ಮಾತ್ರೆ ಡ್ರಾಯರಿನಲ್ಲಿತ್ತು ಎಂಬಲ್ಲಿ ತಡೆದು, "ಅದ್ನ ಇನ್ನೊಂದ್ಸಲ ಓದಿ" ಎಂದ. ಓದಿದೆ. ಉಳಿದದ್ದನ್ನೂ ಓದಿ ಮುಗಿಸಿದೆ.

"ಸೂಜಿಯಿಂದ ಅಲ್ಲ ಅಂತ ಎಲ್ಲದೆ ಇದ್ರಲ್ಲಿ?" ಎಂದು ಕೇಳಿದ.

"ಅದು ಇದರಲ್ಲಿ ಇಲ್ಲ ಮೋಹನ್. ಅದನ್ನು ಹೇಳಬೇಕಾಗಿದ್ದ ಮಾದರಿಯೇ ಹಾಳಾಗಿದೆ" ಎಂದೆ.

"ಅಂಗಾರೆ ಜ್ವರದಿಂದ ಅಂತ್ಲೂ ಇಲ್ಲ."

"ಇಲ್ಲ."

ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡ. ತೆಗೆದುಕೊಂಡು ಹೋಗುತ್ತಾನೆ, ಊರವರಿಗೆ ತೋರಿಸುತ್ತಾನೆ, ಇಲ್ಲವೇ ನನ್ನ ಮುಖಕ್ಕೆ ಎಸೆಯುತ್ತಾನೆ ಅಂದುಕೊಂಡೆ. ಯಾವುದಾದರೂ ಒಂದನ್ನು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಮಡಿಕೆಗೆ ಸರಿಯಾಗಿ ಮಡಚಿ ಮೇಜಿನ ಮೇಲಿಟ್ಟ.

"ಇದು ನಿಮ್ಮಿಬ್ಬರ್ ಕಾಗ್ದ ಕನಿ" ಎಂದ. "ನೀವೇ ಮಡಗ್ಕಳಿ. ನನ್ ಎಡ್ತಿ ಇದ್ರಲ್ಲಿಲ್ಲ."

ಜಲಜಾ